ಸಾಲಿನ ಮೊದಲ ಲಾರಿ

ಕೀಲಿ ತಿರುಗಿಸಿದ ಕೂಡಲೇ ಹಸಿಂತೊ ಕೋಲ್ಕೆಯ ಲಾರಿ ಒಮ್ಮೆ ಕೆಮ್ಮಿತು, ಮೈಯೆಲ್ಲ ಗಡಗಡ ನಡುಗಿಸಿತು, ಒಂದಷ್ಟು ಬಿಳಿ ಹೊಗೆ ಉಗುಳಿ ಸುಮ್ಮನಾಯಿತು. ಎರಡನೇ ಸಲ ಹೊತ್ತಿಕೊಂಡಂತೆ ಮಾಡಿ, ಕಾಲು ಉಳುಕಿದವನಂತೆ ಕುಂಟಿ, ಮತ್ತೆ ನಿಂತಿತು. ಓರೂರೊ ಊರಿನ ಆ ಕೊರೆಯುವ ಚಳಿಯಲ್ಲೂ ಹಸಿಂತೊನ ಹಣೆ ಬೆವರಿತು.

ಬೆವರಲು ಕಾರಣವಿತ್ತು. ಲಾರಿ ಸಂಘದ ಅಂಗಳದಲ್ಲಿ ಸರದಿ ಎಂದರೆ ಸರದಿಯೇ. ಬೆಳಗಿನ ಸೀಟಿ ಊದುವಾಗ ಸಾಲಿನ ತಲೆಯಲ್ಲಿರುವ ಲಾರಿಯ ಎಂಜಿನ್ ಓಡುತ್ತಿರಬೇಕು, ಇಲ್ಲದಿದ್ದರೆ ಅದು ನೇರ ಸಾಲಿನ ಬಾಲಕ್ಕೆ. ವಾರಗಟ್ಟಲೆ ಕಾದು ಹಸಿಂತೊ ಇವತ್ತು ತಲೆಗೆ ಬಂದಿದ್ದ. ಇವತ್ತಿನ ಮೊದಲ ಸರಕು ತಾರಿಹಾ ಊರಿಗೆ. ತಾರಿಹಾದಲ್ಲಿ ಮಗಳು ನೀಲ್ಡಾ ಇದ್ದಳು, ನಾಳೆ ಅವಳ ಮಗನ ಮೊದಲ ಕೂದಲು ತೆಗೆಯುವ ಹಬ್ಬ. ಮೊದಲ ಕುಚ್ಚಿಗೆ ತಾತನೇ ಕತ್ತರಿ ಹಾಕಬೇಕೆಂದು ಅವಳು ಹಟ ಹಿಡಿದಿದ್ದಳು. ಆ ಮೊಮ್ಮಗನ ಮುಖವನ್ನು ಹಸಿಂತೊ ಇನ್ನೂ ನೋಡಿರಲಿಲ್ಲ. ಅವನ ಸರದಿ ಬಂದಾಗಲೆಲ್ಲ ಸರಕು ಬೇರೆ ದಿಕ್ಕಿಗೇ ಹೋಗುತ್ತಿತ್ತು.

ಮೊದಲು ಓಡಿಬಂದವನು ಗೆಳೆಯ ಸೆವೆರೊ. ಅವನ ಲಾರಿ ಸಾಲಿನ ಕೊನೆಯಲ್ಲೆಲ್ಲೋ ಇದ್ದುದರಿಂದ ಸಲಹೆ ಕೊಡಲು ಬೇಕಾದಷ್ಟು ಬಿಡುವಿತ್ತು. ಡೀಸೆಲ್ ಚಳಿಗೆ ತುಪ್ಪದಂತೆ ಹೆಪ್ಪುಗಟ್ಟಿದೆ ಎಂದು ತೀರ್ಪು ಕೊಟ್ಟವನೇ ಟ್ಯಾಂಕಿನ ಕೆಳಗೆ ತಗಡಿಟ್ಟು ಬೆಂಕಿ ಹಾಕಿಯೇಬಿಟ್ಟ. ಹೊಗೆ ಕುಡಿದದ್ದು ಹಸಿಂತೊ. ಲಾರಿ ಮೊದಲಿನಂತೆಯೇ ಕುಂಟಿತು.

ಸೆವೆರೊ ಎದೆಗುಂದಲಿಲ್ಲ. ಮುಖ ಗಂಭೀರ ಮಾಡಿಕೊಂಡು ಕೇಳಿದ, "ಕಾರ್ನಿವಲ್ ಮಂಗಳವಾರ ಲಾರಿಗೆ ಪೂಜೆ ಮಾಡ್ದಾಗ ಭೂಮ್ತಾಯಿಗೆ ಏನು ಹೊಯ್ದೆ?"

"ಬಿಯರ್."

"ಅದ್ರಲ್ಲಿ ಅರ್ಧ ನೀನೇ ಕುಡಿದಿರ್ತೀಯ. ಅವಳಿಗೆ ಸಿಟ್ಟು ಬರದೆ ಇರತ್ತಾ?"

ಹಸಿಂತೊ ಕುಡಿದದ್ದು ಅರ್ಧಕ್ಕಿಂತ ಹೆಚ್ಚೇ. ಸೆವೆರೊ ಎಲ್ಲಿಂದಲೋ ಸಾರಾಯಿ ತಂದು ಚಕ್ರ ಚಕ್ರಕ್ಕೂ ಭಕ್ತಿಯಿಂದ ಚಿಮುಕಿಸತೊಡಗಿದ. ತಗಡಿನಲ್ಲಿ ಕೆಂಡ ಇನ್ನೂ ಉರಿಯುತ್ತಿದೆ ಎಂಬುದು ಇಬ್ಬರಿಗೂ ಮರೆತುಹೋಗಿತ್ತು. ಭಗ್ಗೆಂದು ಜ್ವಾಲೆ ಎದ್ದಿತು. ನಾಳೆಯ ಹಬ್ಬಕ್ಕೆಂದು ಹೊದ್ದು ಬಂದಿದ್ದ ಹೊಸ ಪೊಂಚೊ ಕಂಬಳಿಯನ್ನೇ ಹಸಿಂತೊ ಕಿತ್ತು ಅದರ ಮೇಲೆ ಎಸೆದ. ಬೆಂಕಿ ಆರಿತು. ಪೊಂಚೊದ ನಡುವೆ ತಲೆ ತೂರಿಸಲು ಇನ್ನೊಂದು ತೂತಾಯಿತು, ಜೊತೆಗೆ ಅವನ ಅರ್ಧ ಮೀಸೆಯೂ ಹೋಯಿತು.

ಆಗ ಬಂದವನು ಪೊನ್ಸಿಯಾನೊ. ಸಾಲಿನಲ್ಲಿ ಎರಡನೆಯವನು. ಅವನಿಗೂ ಹಸಿಂತೊನಿಗೂ ಹಾವು ಮುಂಗುಸಿಯ ಸಂಬಂಧ. ಅವನು ಕುಕ್ಕರುಗಾಲಲ್ಲಿ ಕೂತು, ಕೀಲಿ ತಿರುಗಿಸಲು ಹೇಳಿ, ತಲೆ ಓರೆ ಮಾಡಿ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟ.

"ಗಾಳಿ ಎಳ್ಕೊಳ್ತಿದೆ ಕಣೋ. ರಾತ್ರಿಯೆಲ್ಲ ಡೀಸೆಲ್ ಪೈಪಿಂದ ಹಿಂದಕ್ಕೆ ಇಳಿದುಹೋಗಿದೆ. ಫಿಲ್ಟರ್ ಹತ್ರದ ವಾಷರ್ ಬಿಚ್ಚಿ ನೋಡು."

ಹಸಿಂತೊನಿಗೆ ಒಳಗೇ ನಗು ಬಂತು. ತನ್ನ ಲಾರಿ ಕೆಟ್ಟರೆ ತಾರಿಹಾ ಇವನ ಪಾಲಿಗೆ. ಸೀಟಿ ಊದುವ ಹೊತ್ತಿಗೆ ಡೀಸೆಲ್ ಪೈಪು ಬಿಚ್ಚಿಕೊಂಡು ಕೂತಿರಲಿ ಎಂಬುದೇ ಇವನ ಹಂಚಿಕೆ. ಹಾಗಾಗಿ ಫಿಲ್ಟರ್ ಒಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ನೋಡಿದ. ಬ್ಯಾಟರಿಯ ತುದಿ ಉಜ್ಜಿದ, ಗಾಳಿ ಜಾಲರಿ ಕೊಡವಿದ, ಎಂಜಿನ್ ಕಾಯಿಸುವ ಪ್ಲಗ್ ಮುಟ್ಟಿ ಬೆರಳು ಸುಟ್ಟುಕೊಂಡ. ಪ್ರತಿ ಸಲವೂ ಲಾರಿ ಅದೇ ಕೆಮ್ಮು ಕೆಮ್ಮಿತು.

ಅಷ್ಟರಲ್ಲಿ ಸರದಿ ನೋಡಿಕೊಳ್ಳುವ ದೊನ್ಯ ಇಲಾರಿಯಾ, ಕೊರಳಿಗೆ ಸೀಟಿ ನೇತುಹಾಕಿಕೊಂಡು ಗೇಟಿನ ಕಡೆ ನಡೆದಳು. ಮೊಮ್ಮಗನ ಕೂದಲನ್ನು ಇನ್ನಾರೋ ಕತ್ತರಿಸುತ್ತಿರುವುದು ಹಸಿಂತೊನ ಕಣ್ಣಿಗೆ ಕಟ್ಟಿತು. ಇನ್ನು ಬೇರೆ ದಾರಿಯಿರಲಿಲ್ಲ, ಫಿಲ್ಟರಿಗೇ ಕೈ ಹಾಕಿದ.

ಪೊನ್ಸಿಯಾನೊ ತಾನೇ ಸ್ಪ್ಯಾನರ್ ಹಿಡಿದು ನೆಲದ ಮೇಲೆ ಅಂಗಾತ ಮಲಗಿದ. ವಾಷರ್ ಸವೆದು ಸೀಳಿಹೋಗಿತ್ತು. ತನ್ನ ಪೆಟ್ಟಿಗೆಯಿಂದ ಹೊಸದು ತಂದು ಹಾಕಿದ. ಹಸಿಂತೊ ಕೈಪಂಪು ಒತ್ತಿದಂತೆಲ್ಲ ತಿರುಪಿನ ಸಂದಿಯಿಂದ ನೊರೆನೊರೆಯಾಗಿ ಗಾಳಿ ಹೊರಬಿತ್ತು, ಕಡೆಗೆ ಶುದ್ಧ ಡೀಸೆಲ್ ಬಂತು. ತಿರುಪು ಬಿಗಿದು ಕೀಲಿ ತಿರುಗಿಸಿದ. ಎಂಜಿನ್ ಒಂದೇ ಏಟಿಗೆ ಹೊತ್ತಿಕೊಂಡು, ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು.

ಅಂಗಳದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಪೊನ್ಸಿಯಾನೊ. ಹಸಿಂತೊನಿಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಇಳಿದು ಬಂದು ಅವನನ್ನು ತಬ್ಬಿಕೊಂಡ.

"ನಿನ್ನ ವಿಷಯದಲ್ಲಿ ತಪ್ಪು ತಿಳ್ಕೊಂಡಿದ್ದೆ, ಕ್ಷಮಿಸು ಮಾರಾಯ."

"ಬಿಡೋ, ಒಂದೇ ಸಾಲಿನವರು ನಾವು," ಎಂದ ಪೊನ್ಸಿಯಾನೊ.

ಸೀಟಿ ಮೊಳಗಿತು. ದೊನ್ಯ ಇಲಾರಿಯಾ ಹಸಿಂತೊನ ಕೈಗೆ ಸರಕಿನ ಚೀಟಿಯ ಬದಲು ದಪ್ಪ ಕಬ್ಬಿಣದ ಸರಪಳಿ ಕೊಟ್ಟಳು.

"ಸಂಘದ ಕಾರ್ಯದರ್ಶಿಗಳ ಲಾರಿ ಮೇಲಿನ ಕಣಿವೇಲಿ ಕೆಟ್ಟು ನಿಂತಿದೆಯಂತೆ, ಬೆಳಿಗ್ಗೇನೇ ಸುದ್ದಿ ಬಂತು. ಸಾಲಿನ ಮೊದಲನೇ ಲಾರಿ ಹೋಗಿ ಎಳ್ಕೊಂಡು ಬರಬೇಕು. ಮರೆತ್ರಾ? ಸಭೇಲಿ ಆ ನಿಯಮಕ್ಕೆ ನೀವೇ ಕೈ ಎತ್ತಿದ್ರಿ."

ಎತ್ತಿದ್ದು ನಿಜ. ಆವತ್ತು ಹಸಿಂತೊ ಸಾಲಿನ ಕೊನೆಯಲ್ಲಿದ್ದ. ತನ್ನ ಎಂಜಿನ್ ಇನ್ನೂ ಪೂರ್ತಿ ಸರಿಯಾಗಿಲ್ಲ, ನಡುದಾರಿಯಲ್ಲಿ ಕೈಕೊಡುತ್ತದೆ ಎಂದು ತೊದಲಿದ. ಹಾಗಾದರೆ ಆರಿಸಿ ಮತ್ತೆ ಹಚ್ಚಿ ತೋರಿಸಿ ಎಂದಳು ದೊನ್ಯ ಇಲಾರಿಯಾ. ಆರಿಸಿದ, ಹಚ್ಚಿದ. ಹಾಳಾದ ಎಂಜಿನ್ ಕೀಲಿ ಮುಟ್ಟಿದ್ದೇ ತಡ, ಮೊದಲಿಗಿಂತ ಇಂಪಾಗಿ ಓಡಿತು.

ತಾರಿಹಾದ ಚೀಟಿ ಸಾಲಿನ ಎರಡನೆಯವನಿಗೆ ಹೋಯಿತು. ತನ್ನ ಲಾರಿ ಹೊತ್ತಿಕೊಳ್ಳದೆ ಇದ್ದಿದ್ದರೆ ಈ ಸರಪಳಿ ಅವನ ಪಾಲಿಗೇ ಬರುತ್ತಿತ್ತು. ಬೆಳಿಗ್ಗೆಯೇ ಬಂದ ಸುದ್ದಿ ಯಾರ ಕಿವಿಗೆ ಮೊದಲು ಬಿದ್ದಿರಬೇಕೆಂದು ಹಸಿಂತೊನಿಗೆ ಆಗ ಹೊಳೆಯಿತು. ಪೊನ್ಸಿಯಾನೊನ ಲಾರಿ ಪಕ್ಕಕ್ಕೆ ಬಂದು ನಿಂತಿತು.

"ನೀಲ್ಡಾ ಮನೆ ಚರ್ಚಿನ ಹಿಂದೆ ತಾನೆ? ಚಿಂತೆ ಮಾಡ್ಬೇಡ, ಮಗುವಿನ ಮೊದಲ ಕುಚ್ಚು ನಿನ್ನ ಹೆಸರು ಹೇಳಿ ನಾನೇ ಕತ್ತರಿಸ್ತೀನಿ."

ಹಸಿಂತೊ ಸರಪಳಿಯನ್ನು ಹೆಗಲಿಗೇರಿಸಿಕೊಂಡು, ಚರ್ಚಿನ ಹಿಂದೆಯಲ್ಲ, ಎದುರಿಗೆ, ಹಸಿರು ಬಾಗಿಲ ಮನೆ ಎಂದು ತಿದ್ದಿದ.