ಭಾವನ ಭಯಗಳು

ಮೂಡಿಗೆರೆ ತಾಲ್ಲೂಕಿನ ಅತಿ ದೊಡ್ಡ ಪುಕ್ಕಲ ಯಾರು ಎಂದು ಒಂದು ಸ್ಪರ್ಧೆ ಇಟ್ಟರೆ ಬಹುಮಾನ ಸೀದಾ ನಮ್ಮ ಭಾವನಿಗೇ! ಆದರೆ ಅದನ್ನು ತೆಗೆದುಕೊಳ್ಳಲು ವೇದಿಕೆ ಹತ್ತಬೇಕಲ್ಲ, ಅವರಿಗೆ ಅದಕ್ಕೂ ಹೆದರಿಕೆ. ಕೊನೆಗೆ ಅಕ್ಕನೇ ಹೋಗಿ ತರಬೇಕಾಗುತ್ತದೆ.

ಹೀಗೆಂದರೆ ಊರಿನವರು ನನ್ನ ಮೇಲೆ ಜಗಳಕ್ಕೇ ಬರುತ್ತಾರೆ. ಏಕೆಂದರೆ ನನ್ನ ಅಕ್ಕನ ಗಂಡ ಒಂದು ಕಾಲದಲ್ಲಿ ಭಾರತದ ಪರವಾಗಿ ಕ್ರಿಕೆಟ್ ಆಡಿದವರು. ಒಟ್ಟು ಐದು ಟೆಸ್ಟು. ಐದರಲ್ಲೂ ಇನಿಂಗ್ಸ್ ಶುರು ಮಾಡಲು ಇಳಿದವರು. ಕೈಯಲ್ಲಿ ಬ್ಯಾಟು, ಎದುರಿಗೆ ಹೊಸ ಚೆಂಡು ಹಿಡಿದ ತಾಳೆಮರದಂಥ ಬೌಲರು, ತಲೆಯ ಮೇಲೆ ಬರೀ ಬಟ್ಟೆಯ ಟೊಪ್ಪಿ! ಮೂರನೆಯ ಟೆಸ್ಟಿನಲ್ಲಿ ದವಡೆಗೆ ಚೆಂಡು ಬಡಿದು ರಕ್ತ ಸುರಿಯಿತು. ಹೊಲಿಗೆ ಹಾಕಿಸಿಕೊಂಡವರು ಮರುದಿನ ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡೇ ಮತ್ತೆ ಆಡಲು ಹೋದರು. ಆ ಫೋಟೊ ಗೋಣಿಬೀಡಿನ ಕ್ಷೌರದಂಗಡಿಯಲ್ಲಿ ಇವತ್ತಿಗೂ ತೂಗುತ್ತಿದೆ. ಅದರ ನಂತರದ ಎರಡು ಪಂದ್ಯಗಳಲ್ಲಿ ರನ್ನು ಬರಲಿಲ್ಲ, ತಂಡದಿಂದ ಕೈಬಿಟ್ಟರು. ಇನ್ನಷ್ಟು ವರ್ಷ ರಾಜ್ಯಕ್ಕೆ ಆಡಿ, ಮನೆಯ ಕಾಫಿ ತೋಟಕ್ಕೆ ಬಂದು, ನನ್ನ ಅಕ್ಕನನ್ನು ಮದುವೆಯಾದರು.

ಇಂಥ ಧೀರನ ಕಾಲಿಗೆ ಉಂಬಳ, ಅದೇ ಜಿಗಣೆ, ಕಚ್ಚಿದಾಗ ನೀವು ನೋಡಬೇಕು! ಕಚ್ಚಿದ ಜಾಗದಲ್ಲೇ ಒಂಟಿ ಕಾಲಿನಲ್ಲಿ ನಿಂತು, ಕಣ್ಣು ಗಟ್ಟಿಯಾಗಿ ಮುಚ್ಚಿ, ಅಕ್ಕನ ಹೆಸರು ಹಿಡಿದು ಕೂಗುತ್ತಾರೆ. ಅಕ್ಕ ಉಪ್ಪಿನ ಡಬ್ಬಿ ಹಿಡಿದು ಓಡಬೇಕು.

"ರೀ, ಅದು ಬಿದ್ದು ಆಗ್ಲೇ ಐದ್ ನಿಮಿಷ ಆಯ್ತು. ಕಣ್ಬಿಡಿ."

"ನೀನು ಇನ್ನೊಂದ್ಸಲ ನೋಡು ಸುಮಾ. ಅದರ ಅಣ್ಣ ತಮ್ಮ ಯಾರಾದ್ರೂ ಇರ್ತಾರೆ!"

ಚಾರ್ಮಾಡಿ ಘಾಟಿಯದು ಇನ್ನೊಂದು ಕಥೆ. ಒಮ್ಮೆ ಮಂಗಳೂರಿನ ಮದುವೆಗೆ ನನ್ನ ಕಾರಿನಲ್ಲಿ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವವರೆಗೆ ಭಾವ ಆರಾಮಾಗಿದ್ದರು. ಘಾಟಿ ಶುರುವಾಯಿತು ನೋಡಿ, ಹಿಂದಿನ ಸೀಟಿನ ನಟ್ಟನಡುವೆ ಕೂತು ನನ್ನ ಸೀಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. ಸ್ಟೇರಿಂಗ್ ಹಿಡಿದಿದ್ದ ನಾನು ಹಿಂದೆ ತಿರುಗಿ ನಕ್ಕೆ.

"ಏನ್ ಭಾವ, ಅಂಥಂಥ ಬೌಲರುಗಳನ್ನ ಎದುರಿಸ್ದೋರು ಈ ತಿರುವಿಗೆ ಹೆದರ್ತೀರಲ್ಲ!"

"ಅವರು ನನ್ನ ಕಡೆ ನೋಡ್ಕೊಂಡೇ ಚೆಂಡು ಹಾಕ್ತಿದ್ರು ಮಾರಾಯ, ಸರಿ. ಗಾಡಿ ಬಿಡೋನು ರಸ್ತೆ ನೋಡ್ಬೇಕು!"

ಕಳಸದ ಕಡೆಯ ಶಾಲೆಯೊಂದು ಅವರನ್ನು ಕ್ರೀಡಾದಿನಕ್ಕೆ ಅತಿಥಿಯಾಗಿ ಕರೆದಿತ್ತು. ಅಕ್ಕ ಬೈದು ಕಳಿಸಿದಳು, ಕಾವಲಿಗೆ ನಾನು. ವೇದಿಕೆಯ ಮುಂದಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಫಾಸ್ಟ್ ಬೌಲಿಂಗಿಗೆ ನಿಮಗೆ ಹೆದರಿಕೆ ಆಗ್ತಿರ್ಲಿಲ್ವಾ?"

ಭಾವ ಮೈಕಿನ ಹತ್ತಿರ ಬಂದರು. "ಆಗ್ತಿತ್ತು. ಈಗ ಇಲ್ಲಿ ಆಗ್ತಿರೋದಕ್ಕಿಂತ ಸ್ವಲ್ಪ ಕಮ್ಮಿ" ಎಂದು ಹೋಗಿ ಕೂತರು. ಅಷ್ಟೇ ಭಾಷಣ! ಮಕ್ಕಳು ತಮಾಷೆ ಎಂದುಕೊಂಡು ಚಪ್ಪಾಳೆ ಹೊಡೆದೇ ಹೊಡೆದರು. ಅದು ತಮಾಷೆಯಲ್ಲ ಎಂದು ಗೊತ್ತಿದ್ದದ್ದು ನನಗೊಬ್ಬನಿಗೆ. ಪಕ್ಕದಲ್ಲಿ ಕೂತಿದ್ದ ನನಗೆ ಅವರ ಮೊಣಕಾಲು ಮೇಜುಬಟ್ಟೆಯನ್ನು ಅಲ್ಲಾಡಿಸುತ್ತಿದ್ದುದು ಕಾಣುತ್ತಿತ್ತು.

ಇಷ್ಟನ್ನೂ ನಗುತ್ತ ಹೇಳಿದೆ. ಆನೆಯ ವಿಷಯಕ್ಕೆ ಬಂದರೆ ನನಗೂ ನಗು ಬರುವುದಿಲ್ಲ. ಈಚೆಗೆ ನಮ್ಮ ಕಡೆ ಆನೆಗಳು ತೋಟದಲ್ಲೇ ಉಳಿದುಬಿಟ್ಟಿವೆ. ಹೋದ ವರ್ಷ ಪಕ್ಕದ ಎಸ್ಟೇಟಿನಲ್ಲಿ ಕಾಫಿ ಕುಯ್ಯಲು ಹೋದ ಹೆಂಗಸೊಬ್ಬಳು ವಾಪಸು ಬರಲಿಲ್ಲ. ಅಂದಿನಿಂದ ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ತಿಳಿಸುವ ಮೆಸೇಜು ಫೋನಿಗೆ ಬಂದ ಕೂಡಲೇ ಭಾವ ಎಲ್ಲ ಬಾಗಿಲುಗಳ ಚಿಲಕ ಹಾಕಿ, ಮನೆಯಲ್ಲಿರುವವರನ್ನು ಎಣಿಸುತ್ತಿದ್ದರು. ಇರುವುದು ಇಬ್ಬರು! ಎಣಿಸುವುದಕ್ಕೆ ಏನಿದೆ ಸ್ವಾಮಿ? ಆದರೂ ಎರಡೆರಡು ಸಲ ಎಣಿಸುತ್ತಿದ್ದರು.

ಈ ಜನವರಿಯಲ್ಲಿ ರಜೆಗೆಂದು ಹೋಗಿದ್ದೆ. ಬೆಳಿಗ್ಗೆ ಮೆಸೇಜು ಬಂತು, ಒಂಟಿ ಸಲಗ ಹೊಳೆಯಾಚೆ ಇದೆ ಎಂದು. ಆಳುಗಳಿಗೆ ಬರಬೇಡಿ ಎಂದು ಮೇಸ್ತ್ರಿ ಹೇಳಿಯಾಗಿತ್ತು. ಭಾವ ಚಿಲಕ ಹಾಕಿ, ಮೂರು ಜನರನ್ನು ಎಣಿಸಿ, ಗಡ್ಡ ಹೆರೆದುಕೊಳ್ಳಲು ಬಚ್ಚಲಿಗೆ ಹೋದರು.

ಒಂಬತ್ತು ಗಂಟೆಗೆ ಮಂಜು ಹರಿದು ಬಿಸಿಲು ಬಿತ್ತು. ಕಣದಲ್ಲಿ, ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಿದ್ದರು. "ಹೀಗೇ ಬಿಟ್ರೆ ಮುಗ್ಗಿಹೋಗುತ್ತೆ ಕಣೋ. ಆನೆ ಹೊಳೆಯಾಚೆ ತಾನೇ? ತೆಗ್ದು ಬಂದ್ಬಿಡ್ತೀನಿ" ಎಂದು ಅಕ್ಕ ಹೊರಟೇಬಿಟ್ಟಳು. ನಾನು ತಡೆಯಲಿಲ್ಲ. ಕಣವೆಂದರೆ ಮನೆಯಿಂದ ಇಪ್ಪತ್ತೈದು ಹೆಜ್ಜೆ, ಅಷ್ಟೇ!

ಕಿಟಕಿಯಿಂದ ನೋಡುತ್ತಿದ್ದೆ. ಅಕ್ಕ ಬಗ್ಗಿ ಟಾರ್ಪಾಲು ಎಳೆಯುತ್ತಿದ್ದಳು. ಅವಳ ಬೆನ್ನ ಹಿಂದೆ, ಪಲ್ಪರ್ ಮನೆಯ ಪಕ್ಕದ ನೆರಳು ಮುಂದಕ್ಕೆ ಬಂತು. ನೆರಳಿಗೆ ದಂತಗಳಿದ್ದವು. ಕೂಗಲು ಬಾಯಿ ತೆರೆದೆ. ಗಂಟಲಿನಿಂದ ಬಂದದ್ದು ಒಂದು ಕೀರಲು ಅಷ್ಟೇ.

ಅದು ಬಚ್ಚಲಿಗೆ ಕೇಳಿಸಿತು. ಭಾವ ಬಂದರು. ಅರ್ಧ ಮುಖಕ್ಕೆ ಸೋಪಿನ ನೊರೆ. ಕಿಟಕಿಯಲ್ಲಿ ಒಮ್ಮೆ ಇಣುಕಿದರು, ಚಿಲಕ ತೆಗೆದರು, ಬರಿಗಾಲಿನಲ್ಲಿ ಹೊರಗೆ ನಡೆದರು. ಓಡಲಿಲ್ಲ, ನಡೆದರು. ನಾನು? ಬಾಗಿಲ ಹಿಂದೆ ನಿಂತೆ.

ಅಷ್ಟರಲ್ಲಿ ಅಕ್ಕ ತಿರುಗಿ ನೋಡಿದ್ದಳು. ಟಾರ್ಪಾಲಿನ ತುದಿ ಕೈಯಲ್ಲಿ ಹಿಡಿದೇ ಕಲ್ಲಾಗಿದ್ದಳು. ಆನೆ ಕಿವಿ ಬೀಸುವುದನ್ನು ನಿಲ್ಲಿಸಿತು. ಅದು ಒಳ್ಳೆಯ ಲಕ್ಷಣವಲ್ಲ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಭಾವ ಹೋಗಿ ಅವಳ ಮುಂದೆ, ಆನೆಗೆ ಎದುರಾಗಿ ನಿಂತು, ಒಂದು ಕೈಯನ್ನು ಹಿಂದೆ ಚಾಚಿ ಅವಳ ಸೆರಗು ಹಿಡಿದರು.

"ಓಡ್ಬೇಡ ಸುಮಾ. ನಾನು ಹೂಂ ಅಂದ್ರೆ ಒಂದು ಹೆಜ್ಜೆ ಹಿಂದೆ. ಬೇಡ ಅಂದ್ರೆ ಬೇಡ."

ಗಟ್ಟಿ ದನಿ. ಆ ದನಿಯನ್ನು ಮನೆಯಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ.

"ಹೂಂ."

ಒಂದು ಹೆಜ್ಜೆ.

"ಹೂಂ... ಬೇಡ. ಬೇಡ."

ಆನೆ ಎರಡು ಹೆಜ್ಜೆ ಮುಂದೆ ಬಂತು. ಭಾವ ಅಲುಗಲಿಲ್ಲ. ಆನೆ ಸೊಂಡಿಲಿನಿಂದ ಟಾರ್ಪಾಲು ಎತ್ತಿ ಎಸೆಯಿತು. ಕಾಫಿ ರಾಶಿಯನ್ನು ಮೂಸಿ ಬುಸ್ ಎಂದಿತು.

"ಹೂಂ."

ಇಪ್ಪತ್ತೈದು ಹೆಜ್ಜೆಗೆ ಎಷ್ಟು ಹೊತ್ತಾಯಿತೋ, ದೇವರಾಣೆ ನನಗೆ ಗೊತ್ತಿಲ್ಲ. ಇಬ್ಬರೂ ಹಿಮ್ಮುಖವಾಗಿಯೇ ಹೊಸ್ತಿಲು ದಾಟಿದರು. ನಾನು ಬಾಗಿಲು ಹಾಕಿದೆ. ಸ್ವಲ್ಪ ಹೊತ್ತಿಗೆ ಆನೆ ರಾಶಿಯನ್ನು ತುಳಿದುಕೊಂಡು ಸಿಲ್ವರ್ ಓಕ್ ಮರಗಳ ಕಡೆ ಹೋಯಿತು.

ಆಮೇಲೆ ಶುರುವಾಯಿತು ಭಾವನ ನಡುಕ! ಅಡಿಗೆಮನೆಯ ನೆಲದ ಮೇಲೆ ಕುಸಿದು ಕೂತರು. ಹಲ್ಲು ಕಟಕಟ ಎನ್ನುತ್ತಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ.

"ನಾನು ಬಾಗ್ಲ ಹಿಂದೆ ನಿಂತ್ಬಿಟ್ಟೆ ಭಾವ. ನಿಮ್ಮಷ್ಟು ಧೈರ್ಯ ನನಗಿಲ್ಲ."

"ಎಂಥ ಧೈರ್ಯನೋ" ಎಂದರು ಅವರು. "ನಾನ್ಯಾಕೆ ಯಾವಾಗ್ಲೂ ಬ್ಯಾಟಿಂಗಿಗೆ ಮೊದ್ಲು ಹೋಗ್ತಿದ್ದೆ ಹೇಳು? ಪ್ಯಾಡ್ ಕಟ್ಕೊಂಡು ಒಳಗೆ ಕೂತು, ಹೊರಗಡೆ ನಮ್ಮೋರಿಗೆ ಪೆಟ್ಟು ಬೀಳೋದನ್ನ ನೋಡ್ತಾ ಕಾಯ್ಬೇಕಲ್ಲ, ಅದು ನನ್ನ ಕೈಲಿ ಆಗ್ತಿರ್ಲಿಲ್ಲ ಮಾರಾಯ. ಅದಕ್ಕಿಂತ ದೊಡ್ಡ ಹೆದರಿಕೆ ನಾನು ಕಂಡಿಲ್ಲ. ಇವತ್ತೂ ಅಷ್ಟೇ."

ಅಕ್ಕ ಕಾಫಿ ಬೆರೆಸಿ ತಂದು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಮುಖದ ಮೇಲೆ ಒಣಗಿದ್ದ ನೊರೆಯನ್ನು ಸೆರಗಿನಿಂದ ಒರೆಸಿದಳು. ಲೋಟವನ್ನು ತಾನೇ ಹಿಡಿದು ಅವರ ತುಟಿಗೆ ಇಟ್ಟಳು. ಇಬ್ಬರ ನಡುಕಕ್ಕೆ ಅರ್ಧ ಕಾಫಿ ಭಾವನ ಬನಿಯನ್ನಿನ ಮೇಲೆ ಚೆಲ್ಲಿತು. ಇಬ್ಬರೂ ಅದನ್ನು ನೋಡಲೇ ಇಲ್ಲ.