ತುಂಬುತೋಳಿನ ರವಿಕೆ

"ಮೇಷ್ಟ್ರ ಹೆಂಡ್ತಿ ತೋಳ್ತುಂಬಾ ಚಿನ್ನ ಬಚ್ಚಿಟ್ಕಂಡವ್ಳೆ" ಎಂದು ಅಜ್ಜಂಪುರದ ಆ ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಉರಿಬೇಸಿಗೆಯಲ್ಲೂ ಹಂಸಾ ತುಂಬುತೋಳಿನ ರವಿಕೆ ಬಿಟ್ಟವಳಲ್ಲ, ಅರಿಶಿನ-ಕುಂಕುಮಕ್ಕೆ ಕರೆದರೆ ಹೋದವಳಲ್ಲ. ಚಿನ್ನವಲ್ಲದೆ ಇನ್ನೇನು? ಗಣಿತದ ಮೇಷ್ಟ್ರು ಸುದರ್ಶನರಿಗೆ ಈ ಗುಮಾನಿ ಒಳಗೊಳಗೇ ಹಿತವಾಗಿತ್ತು.

(ತೋಳಿನೊಳಗಿದ್ದದ್ದು ಹತ್ತು ವರ್ಷದ ಸೋರಿಯಾಸಿಸ್. ಕೆಂಪು ಮಚ್ಚೆ, ಮೇಲೆ ಬೆಳ್ಳಿಹೊಟ್ಟು. ಚಿನ್ನವಿಲ್ಲದಿದ್ದರೂ ಬೆಳ್ಳಿಗೆ ಬರವಿರಲಿಲ್ಲ.)

ಅಂಟುರೋಗವಲ್ಲ ಎಂದು ಡಾಕ್ಟರು ಹೇಳಿದ್ದು ಹಂಸಾಳ ಕಿವಿಗೆ ಹೋಗಿತ್ತು, ಎದೆಗೆ ಇಳಿದಿರಲಿಲ್ಲ. ಕೂತೆದ್ದ ಜಾಗವನ್ನು ಸೆರಗಿನಿಂದ ಒರೆಸುವಳು. ಯಾರಾದರೂ ಕೈ ಹಿಡಿದುಬಿಟ್ಟಾರೆಂದು ಎರಡು ಕೈಯಲ್ಲೂ ಪಾತ್ರೆ ಹಿಡಿದೇ ಬಾಗಿಲಿಗೆ ಬರುವಳು.

ಹೀಗಿರಲು ಪಕ್ಕದ ಮನೆಯ ಶ್ರುತಿಗೆ ಸೀಮಂತ ಬಂತು. ಸೀಮಂತಕ್ಕೆ ಹೋದ ಹೆಂಗಸು ಬಳೆಗಾರ್ತಿಗೆ ತೋಳು ಚಾಚಲೇಬೇಕು. "ಅಕ್ಕಾ, ನೀವು ಬಳೆ ತೊಟ್ಕೊಳ್ದೆ ನಾನು ಹಸೆಗೆ ಕೂರಲ್ಲ" ಎಂದುಬಿಟ್ಟಳು ಶ್ರುತಿ. ಒಡಹುಟ್ಟಿದವಳಂಥ ಹುಡುಗಿ; ಹೋಗುವಂತಿಲ್ಲ, ಹೋಗದಿರುವಂತಿಲ್ಲ.

ಮೇಷ್ಟ್ರ ಮಹಾಮೇಧೆ ಮಿಂಚಿತು. "ಎರಡೂ ಕೈಗೆ ಬ್ಯಾಂಡೇಜ್ ಸುತ್ತಿಬಿಡ್ತೀನಿ. ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನು."

"ಎರಡೂ ಕೈ ಒಟ್ಟಿಗೇ ಮುರಿಯುತ್ತೇನ್ರೀ?"

"ಗಣಿತದಲ್ಲಿ ಅದಕ್ಕೂ ಸಂಭವನೀಯತೆ ಇದೆ ಕಣೇ."

ಬ್ಯಾಂಡೇಜು ಕಂಡದ್ದೇ ತಡ, ಶ್ರುತಿ ಹಸೆಯ ಪಕ್ಕ ನಿಂತಲ್ಲೇ ಅಳತೊಡಗಿದಳು. ಅವಳ ಅಜ್ಜಿ ದ್ಯಾವಮ್ಮ, "ಅಳ್ಬ್ಯಾಡ ಮಗಾ, ಬುಕ್ಕಾಂಬುಧಿಯಿಂದ ಮೂಳೆ ಕಟ್ಟೋನ್ನ ಕರೆಸ್ತೀನಿ. ಎರಡೂ ಕೈ ಎಳೆದು ಕೂರ್ಸಿದ್ರೆ ಸರಿಹೋಯ್ತದೆ!" ಎಂದು ಫೋನು ತೆಗೆದಳು. ಹಂಸಾ ಬಾಗಿಲಲ್ಲಿದ್ದ ಗಂಡನ ಮುಖ ನೋಡಿದಳು. ಮೇಷ್ಟ್ರು ಫ್ಯಾನು ನೋಡಿದರು.

ಹಂಸಾ ಹಲ್ಲಿನಿಂದ ಗಂಟು ಬಿಚ್ಚಿದಳು. ಬ್ಯಾಂಡೇಜು ಸುತ್ತುಸುತ್ತಾಗಿ ಕೆಳಗೆ ಬಿತ್ತು. ರವಿಕೆಯ ತೋಳನ್ನೂ ಮೇಲಕ್ಕೆ ಸರಿಸಿದಳು. "ಇದು ಸೋರಿಯಾಸಿಸ್. ಅಂಟಲ್ಲ. ನೀವೆಲ್ಲ ಅಸಹ್ಯ ಪಟ್ಕೋತೀರಿ ಅಂತ ಮುಚ್ಕೊಂಡಿದ್ದೆ." ಎಂದವಳೇ ಬಳೆಗಾರ್ತಿಯ ಮುಂದೆ ಕೈ ಚಾಚಿದಳು. ಸ್ಕೂಲಿಗೆ ತನಿಖೆಯವರು ಬಂದರೆ ಸೀಮೆಸುಣ್ಣ ಬೀಳಿಸುವ ಮೇಷ್ಟ್ರು ಅಂಥ ಧೈರ್ಯವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ಊರಿನ ಕೈಗಳನ್ನೆಲ್ಲ ಹಿಡಿದಿದ್ದ ಬಳೆಗಾರ್ತಿ ಓಬಮ್ಮ ಆ ಕೈಯನ್ನೂ ಹಿಡಿದಳು. "ಎರಡು-ನಾಲ್ಕರ ಅಳತೆ. ಹಸಿರಾ, ಕೆಂಪಾ?"

"ಇಷ್ಟೇನಾ?" ದ್ಯಾವಮ್ಮನಿಗೆ ಭಾರೀ ನಿರಾಸೆ. "ನಾವ್ ಚಿನ್ನ ಅಂದ್ಕಂಡಿದ್ವಲ್ಲೇ!"

ಮರುವರ್ಷ ಮೇಷ್ಟ್ರಿಗೆ ಕಡೂರಿಗೆ ವರ್ಗವಾಯಿತು. ಅಷ್ಟರಲ್ಲಿ ಹಂಸಾಳ ಮಚ್ಚೆ ಹೋಗಿರಲಿಲ್ಲ, ತುಂಬುತೋಳು ಹೋಗಿತ್ತು. ಮನೆ ಬಿಡುವ ದಿನ ರುಬ್ಬುಗುಂಡು ಎತ್ತಲು ಹೋಗಿ ಮೇಷ್ಟ್ರ ಬಲಗೈ ನಿಜವಾಗಿಯೂ ಉಳುಕಿತು. ಬ್ಯಾಂಡೇಜು ಸುತ್ತಿಕೊಂಡು ನರಳಿದರೆ ಬೀದಿಗೆ ಬೀದಿಯೇ ನಕ್ಕಿತು.

ಹಂಸಾ ಬೀಗ ಹಾಕಿ ಮೆಟ್ಟಿಲಿಳಿದಳು. ಅವಳ ಒಂದು ಕೈಯನ್ನು ಶ್ರುತಿ, ಇನ್ನೊಂದನ್ನು ದ್ಯಾವಮ್ಮ ಹಿಡಿದುಕೊಂಡದ್ದರಿಂದ ಚೀಲಗಳೆಲ್ಲ ಮೇಷ್ಟ್ರ ಎಡಗೈಗೆ ಬಿದ್ದವು. ಗಾಡಿಯ ಹತ್ತಿರ ದ್ಯಾವಮ್ಮ ತಿರುಗಿ ನೋಡಿದಳು.

"ಬಿಚ್ಚಿ ತೋರ್ಸಿ ಮೇಷ್ಟ್ರೇ, ಒಳಗೆ ಚಿನ್ನ ಐತಾ?"