ಪಾದ್ರಿ ಅಡಗಿದ ಗೂಡು

೧೯೮೬ರ ಮೇ ೧೧, ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಹ್ಯೂಬರ್ಟ್ ಪೆಲಿಂಗ್ ವಿದರ್‌ಕೋಟ್ ಮಹಲಿನ ಗೋಡೆಯೊಳಗೆ ಸಿಕ್ಕಿಬಿದ್ದ.

ತಪ್ಪು ಉತ್ಸಾಹದ್ದು. ನಿವೃತ್ತನಾದ ಮೇಲೆ ಅವನು ಸ್ವಯಂಸೇವಕನಾಗಿ ಮಹಲಿನ ದೊಡ್ಡ ಕೋಣೆಯಲ್ಲಿ ನಿಂತು, ನೋಡಲು ಬಂದವರಿಗೆಲ್ಲ ಒಂದೇ ಕತೆ ಹೇಳುತ್ತಿದ್ದ: ನಾನೂರು ವರ್ಷದ ಹಿಂದೆ, ಕ್ಯಾಥೊಲಿಕ್ ಪೂಜೆ ನಿಷೇಧಿಸಿದ್ದ ರಾಣಿಯ ಸೈನಿಕರು ಆ ಪಂಥದ ಪಾದ್ರಿಗಳನ್ನು ಬೇಟೆಯಾಡುತ್ತಿದ್ದಾಗ, ಅಗ್ಗಿಷ್ಟಿಕೆಯ ಪಕ್ಕದ ಈ ಗುಪ್ತ ಗೂಡಿನಲ್ಲಿ ಒಬ್ಬ ಪಾದ್ರಿ ವಾರಗಟ್ಟಲೆ ಉಪವಾಸ ಕೂತು ಜೀವ ಉಳಿಸಿಕೊಂಡ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ಇವತ್ತು ಹಳೆಯ ಕಟ್ಟಡಗಳ ತಜ್ಞೆ ಡಾ. ರೋವೆನಾ ಸ್ಟಬ್ಸ್ ಗೂಡನ್ನು ಪರೀಕ್ಷಿಸಲು ಬರುವವರಿದ್ದರು. ಅವರು ಹೌದೆಂದರೆ ಕತೆ ಉಳಿಯುತ್ತಿತ್ತು. ಅಲ್ಲವೆಂದರೆ ಹ್ಯೂಬರ್ಟನಿಗೆ ಪ್ರವಾಸಿಗಳು ಕಾರು ನಿಲ್ಲಿಸುವ ಹುಲ್ಲುಗಾವಲಿನಲ್ಲಿ, ಮಳೆಯಲ್ಲಿ ನೆನೆಯುತ್ತ, ಕಾರುಗಳಿಗೆ ಕೈ ಬೀಸಿ ಜಾಗ ತೋರಿಸುವ ಕೆಲಸ.

ಪಾದ್ರಿ ಕೂತ ಕಲ್ಲನ್ನು ಒರೆಸಿಡೋಣವೆಂದು ಒಳಹೊಕ್ಕ. ಹಿಂದೆ ಓಕ್ ಹಲಗೆ ಟಕ್ಕೆಂದು ಮುಚ್ಚಿಕೊಂಡಿತು.

ಅವನ ಕೂಗಿಗೆ ಸ್ವಯಂಸೇವಕರ ಮುಖ್ಯಸ್ಥೆ ವಿನಿಫ್ರೆಡ್ ಓಡಿಬಂದು ಹಲಗೆ ತೆರೆಯಲೆಂದು ಅದರ ಮೇಲಿನ ಗುಲಾಬಿ ಕೆತ್ತನೆಯನ್ನು ಒತ್ತಿದರು. ಅದು ಮುನಿಸಿಕೊಂಡ ಅಳಿಯನಂತೆ ಅಲುಗಲಿಲ್ಲ.

"ಒಡೀರಿ ವಿನಿಫ್ರೆಡ್!"

"ಒಡೆಯೋದಾ? ಈ ಓಕ್‌ಗೆ ನಾನೂರು ವರ್ಷ, ಹ್ಯೂಬರ್ಟ್. ನಿಮಗೆ ಅರವತ್ತೆಂಟು. ಯಾವ್ದು ಉಳೀಬೇಕು, ನೀವೇ ಹೇಳಿ."

ತೋಟಗಾರ ಸ್ಟ್ಯಾನ್ಲಿ ಬಂದ. "ಬೆಣ್ಣೆ ಸವರಿ ನೋಡೋಣ."

"ಬಾಗಿಲಿಗಾ, ನನಗಾ?"

"ನಿಮ್ಮ ಹೊಟ್ಟೆ ನೆನೆಸಿಕೊಂಡ್ರೆ ಇಬ್ಬರಿಗೂ ಬೇಕು."

ಪ್ರವಾಸಿಗಳು ಗುಂಪುಗೂಡಿದರು. "ಎಷ್ಟು ಚೆನ್ನಾಗಿ ನರಳ್ತಾನೆ! ಥೇಟ್ ಪಾದ್ರಿ!" ಎಂದು ಒಬ್ಬಾಕೆ ಚಪ್ಪಾಳೆ ತಟ್ಟಿದಳು. ಹಲಗೆಯ ಕೆಳಗಿನ ಸಂದಿನಿಂದ ಬಿಸ್ಕತ್ತು ತಳ್ಳಿದರು. ಚಹಾ ತಳ್ಳುವುದು ಹೇಗೆಂದು ಯಾರಿಗೂ ಹೊಳೆಯಲಿಲ್ಲ. ಆ ಊರಿನವರ ಪಾಲಿಗೆ ಚಹಾ ಇಲ್ಲದಿರುವುದೇ ಉಪವಾಸ.

ಕೊನೆಗೆ ಬಡಗಿ ಉಳಿ ಹಿಡಿದು ಬಂದ. ಅವನ ಹಿಂದೆಯೇ ಡಾ. ಸ್ಟಬ್ಸ್ ಬಂದು ಹಲಗೆ ತಟ್ಟಿದರು.

"ಪೆಲಿಂಗ್ ಅವ್ರೇ, ಒಳಗೇನು ಕಾಣ್ತಿದೆ?"

"ಪಾದ್ರಿ ಕೂತಿದ್ದ ಕಲ್ಲು, ಮೇಡಂ. ಅದರ ಮೇಲೇ ಕೂತಿದೀನಿ."

"ನಡುವೆ ತೂತಿದ್ಯಾ?"

"ಇದೆ, ದುಂಡಗೆ. ಪಾಪ, ಉಸಿರಾಡೋಕೆ ಮಾಡಿಕೊಂಡಿರ್ಬೇಕು. ಕೆಳಗಿಂದ ಒಳ್ಳೇ ಗಾಳಿ ಬರ್ತಿದೆ."

ಡಾ. ಸ್ಟಬ್ಸ್ ಹಲಗೆಯ ಹತ್ತಿರ ಬಾಗಿದರು.

"ಅದು ಪಾದ್ರಿಯ ಗೂಡಲ್ಲ ಪೆಲಿಂಗ್ ಅವ್ರೇ, ಕಕ್ಕಸು. ಆಮೇಲಿನವರು ನಾಚಿಕೆಗೆ ಹಲಗೆ ಹಾಕಿ ಮುಚ್ಚಿದಾರೆ."

ನಗೆಯ ಅಲೆ ಕೋಣೆಯ ಸೂರಿಗೆ ಬಡಿಯಿತು. ಹ್ಯೂಬರ್ಟನ ಕಣ್ಣಿಗೆ ಹುಲ್ಲುಗಾವಲು ಕಟ್ಟಿತು.

"ಆಯ್ತು ಮೇಡಂ, ನನ್ನ ಕತೆ ಮುಗೀತು. ಹೊರಗಾದ್ರೂ ಬಿಡಿ."

ಬಡಗಿ ಉಳಿ ಎತ್ತಿದ.

"ಮುಟ್ಟಬೇಡಿ!" ಡಾ. ಸ್ಟಬ್ಸ್ ಚೀರಿದರು. "ಪಾದ್ರಿ ಗೂಡುಗಳು ದೇಶದ ತುಂಬಾ ಇವೆ. ಇಷ್ಟು ಚೆನ್ನಾಗಿ ಉಳಿದ ಕಕ್ಕಸು ನಾನು ನೋಡೇ ಇಲ್ಲ! ಪೂರ್ತಿ ಅಳತೆ ಆಗೋವರೆಗೆ ಒಂದು ಮೊಳೆ ಕೂಡ ಅಲುಗಬಾರದು. ನಾಲ್ಕು ದಿನ ಸಾಕು. ಪೆಲಿಂಗ್ ಅವ್ರೇ, ನೀವು ಹೇಗೂ ಒಳಗೇ ಇದೀರಲ್ಲ!"

ಸಂದಿನಿಂದ ಅಳತೆ ಟೇಪು ಒಳಗೆ ಬಂತು. ಹ್ಯೂಬರ್ಟ್ ಎದ್ದು, ಅದನ್ನು ತೂತಿನಲ್ಲಿ ತಳ ಮುಟ್ಟುವವರೆಗೆ ಇಳಿಸಿ, ಸಂದಿನ ಬೆಳಕಿಗೆ ಹಿಡಿದು, ಪ್ರವಾಸಿಗಳಿಗೆ ಕತೆ ಹೇಳುವ ದನಿಯಲ್ಲೇ ಓದಿದ.

ಇಪ್ಪತ್ತೊಂದು ಅಡಿ ಐದು ಅಂಗುಲ.